ಕಾರ್ ಕೀಗೆ ಅಂಟಿದ ಕುಂಕುಮ

ಹೆಂಡತಿಯನ್ನೂ ಹಸುಗೂಸನ್ನೂ ಆಸ್ಪತ್ರೆಯಿಂದ ಕರೆತರಲು ಹೊರಟರೆ, ಕಾರು ಸ್ಟಾರ್ಟ್ ಆಗಿ ತಕ್ಷಣ ಆಫ್ ಆಗುತ್ತಿತ್ತು. ಹಿಂದಿನ ದಿನವಷ್ಟೇ ನಾನು ಕೀಯ ಒಡೆದ ಪ್ಲಾಸ್ಟಿಕ್ ಕವರ್ ಬದಲಾಯಿಸಿ, ಹಳೆಯದನ್ನು ಕಸದ ಬುಟ್ಟಿಗೆ ಎಸೆದಿದ್ದೆ.

"ಹಳೇ ಕವರ್‌ನಲ್ಲಿ ಪುಟ್ಟ ಚಿಪ್ ಇರತ್ತೆ ಸಾರ್. ಕಾರು ಅದನ್ನ ಗುರುತು ಹಿಡಿದ್ರೇನೇ ಎಂಜಿನ್ ಓಡೋದು," ಎಂದರು ಫೋನಿನಲ್ಲಿ ಸಿದ್ದಾಪುರದ ಮೆಕ್ಯಾನಿಕ್.

ಯಡಿಯೂರಿನ ನಮ್ಮ ಬೀದಿಗೆ ಕಸದ ಗಾಡಿ ಆಗಲೇ ಬಂದುಹೋಗಿತ್ತು. ತಲೆ ಮೇಲೆ ಕೈ ಹೊತ್ತು ಕೂತೆ. ಆಗ ಅಮ್ಮ ದೇವರ ಮನೆಯಿಂದ ಅದೇ ಹಳೇ ಕವರ್ ತಂದುಕೊಟ್ಟರು.

"ಪ್ರತಿ ಆಯುಧಪೂಜೆಗೂ ಕುಂಕುಮ ಇಟ್ಟಿದ್ದಲ್ವೇನೋ? ಕಸಕ್ಕೆ ಹೋಗಬಾರ್ದು ಅಂತ ಬುಟ್ಟಿಯಿಂದ ಎತ್ತಿಟ್ಟೆ."

ಆ ಚಿಪ್ ಈಗ ಹೊಸ ಕವರ್‌ನೊಳಗಿದೆ. ಬಿರುಕಿನಿಂದ ಇಳಿದು ಅದಕ್ಕೆ ಅಂಟಿದ್ದ ಕುಂಕುಮವನ್ನು ನಾನು ಒರೆಸಲಿಲ್ಲ. ಮಗಳು ಮನೆಗೆ ಬಂದದ್ದು ಅದರ ಜೊತೆಗೇ.