ಫ್ಲಾಸ್ಕಿನಲ್ಲಿಟ್ಟ ಮಗುವಿನ ಹಾಲು

೨೦೧೪ರ ಜುಲೈ ಒಂಬತ್ತು, ಬುಧವಾರ, ಬೆಳಿಗ್ಗೆ ಐದು ಗಂಟೆ ಹತ್ತು ನಿಮಿಷ. ಮುಂಬಯಿ ಹತ್ತಿರದ ಠಾಕುರ್ಲಿಯ ನಮ್ಮ ಮನೆಯ ಅಡುಗೆಕೋಣೆಯಲ್ಲಿ ನಾನು ಮತ್ತು ನನ್ನ ಹೆಂಡತಿ. ಒಳಗೆ ಬಾಣಂತಿ ಮಗಳು, ಅವಳ ಮಗ್ಗುಲಲ್ಲಿ ಹತ್ತೊಂಬತ್ತು ದಿನದ ಮೊಮ್ಮಗಳು. ಮಗು ಒಂದು ತಿಂಗಳು ಮುಂಚೆಯೇ ಹುಟ್ಟಿತ್ತು. ಆಸ್ಪತ್ರೆಯಿಂದ ಮನೆಗೆ ಬಂದು ಎರಡು ದಿನವಾಗಿತ್ತು. ತಾಯಿಯ ಹಾಲು ಸಾಲದೆ, ಡಬ್ಬಿಯ ಹಾಲಿನ ಪುಡಿಯನ್ನೂ ಕಲಸಿ ಕೊಡಲು ಡಾಕ್ಟರು ಹೇಳಿದ್ದರು. ಕಲಸುವ ಕ್ರಮ ಹೇಳಲು ಬಂದ ಆಸ್ಪತ್ರೆಯ ನರ್ಸಿಗೆ, ಗೊತ್ತುಂಟು ಎಂದು ನಾನು ಕೈ ಬೀಸಿದ್ದೆ. ಠಾಣೆಯ ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಕ್ಯಾಂಟೀನ್ ನಡೆಸಿದವನಿಗೆ ಹಾಲು ಕಲಸುವುದನ್ನು ಯಾರಾದರೂ ಕಲಿಸುವುದುಂಟೆ?

ಆ ಎರಡು ದಿನ ಹಾಲು ಕಲಸಿದ್ದು ಹೆಂಡತಿ. ಅವಳ ಕೆಲಸದಲ್ಲಿ ಶಿಸ್ತು ಇರಲಿಲ್ಲ. ಮಗು ಅತ್ತಾಗಲೆಲ್ಲ ನೀರು ಕುದಿಸುವುದು, ಆರುವ ತನಕ ಕಾಯಲಾರದೆ ಹೊಗೆಯಾಡುವ ನೀರಿಗೇ ಪುಡಿ ಹಾಕುವುದು, ಆಮೇಲೆ ಬಾಟಲಿಯನ್ನು ತಣ್ಣೀರಿನ ಪಾತ್ರೆಯಲ್ಲಿ ನಿಲ್ಲಿಸಿ ಅಲ್ಲಾಡಿಸುವುದು. ಮಗು ಬಿಟ್ಟ ಹಾಲನ್ನು ಬಚ್ಚಲಿಗೆ ಚೆಲ್ಲುವುದು. ಮೂರನೆಯ ಬೆಳಿಗ್ಗೆ ನಾನು ಚಾರ್ಜ್ ತೆಗೆದುಕೊಂಡೆ.

ನನ್ನದು ಕ್ಯಾಂಟೀನಿನ ಪದ್ಧತಿ. ಡಿಕಾಕ್ಷನ್ ಬೆಳಿಗ್ಗೆ ಒಮ್ಮೆ ಇಳಿಸಿಟ್ಟರೆ ದಿನವಿಡೀ ಕಾಫಿ ಆಗುತ್ತದಲ್ಲ, ಹಾಗೆ. ಬಾಟಲಿಗಳನ್ನು ಕುದಿಸಿದೆ, ಕೈಯನ್ನು ಮೊಣಕೈವರೆಗೆ ಸೋಪು ಹಾಕಿ ತೊಳೆದೆ, ಕುದಿಸಿ ಆರಿಸಿದ ಉಗುರುಬೆಚ್ಚನೆಯ ನೀರಿನಲ್ಲಿ ಇಡೀ ದಿನದ ಹಾಲು ಕಲಸಿದೆ. ಐದೂವರೆಗೆ ಮಗುವಿಗೆ ಕುಡಿಸಿ, ಉಳಿದದ್ದನ್ನು ಬೆಚ್ಚಗಿರಲೆಂದು ಸ್ಟೀಲ್ ಫ್ಲಾಸ್ಕಿಗೆ ತುಂಬಿದೆ. ಎರಡೆರಡು ಗಂಟೆಗೊಂದು ಸಾಲು ಎಳೆದು ರಿಜಿಸ್ಟರನ್ನೂ ತೆರೆದೆ.

ಹೆಂಡತಿ ರಿಜಿಸ್ಟರನ್ನು ನೋಡಿದಳು. “ಇದು ಮಗುವಾ ಮಾರಾಯ್ರೆ, ಅಲ್ಲ ನಿಮ್ಮ ಸೆಕೆಂಡ್ ಶಿಫ್ಟಾ?”

ಏಳೂಕಾಲಿಗೆ ಕೆಳಮನೆಯ ಹುಡುಗಿ ಬಂದಳು. ವಿಜಯಪುರದ ಕಡೆಯವಳು, ಕಲ್ಯಾಣದ ಆಸ್ಪತ್ರೆಯೊಂದರ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸು. ಏಳು ನಲವತ್ತರ ಲೋಕಲ್ ರೈಲು ಹಿಡಿಯುವ ಮೊದಲು ಮಗುವಿನ ಮುಖ ನೋಡಿ ಹೋಗೋಣವೆಂದು ಬಂದಿದ್ದಳು. ಫ್ಲಾಸ್ಕ್ ಕಂಡು, ಚಹಾ ತಯಾರಿದೆಯಲ್ಲ, ಅರ್ಧ ಕಪ್ ಕೊಡಿ ಎಂದಳು. ಅದು ಚಹಾ ಅಲ್ಲ, ಸಂಜೆಯವರೆಗಿನ ಮಗುವಿನ ಹಾಲು ಎಂದು ನಾನು ಸ್ವಲ್ಪ ಎದೆಯುಬ್ಬಿಸಿಯೇ ಹೇಳಿದೆ.

ಅವಳು ಹೆಗಲ ಬ್ಯಾಗನ್ನು ಕೆಳಗಿಟ್ಟಳು. ಲೋಕಲ್ ಹಿಡಿಯುವವರು ಏಳೂಕಾಲಿಗೆ ಬ್ಯಾಗು ಕೆಳಗಿಟ್ಟರೆ ವಿಷಯ ಸಣ್ಣದಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಎಷ್ಟು ಹೊತ್ತಿಗೆ ಕಲಸಿದಿರಿ, ನೀರು ಎಷ್ಟು ಬಿಸಿ ಇತ್ತು, ಮಗು ಎಷ್ಟು ಕುಡಿದಿದೆ ಎಂದೆಲ್ಲ ಕೇಳಿದಳು. ಬಾಟಲಿ ಕುದಿಸಿದ್ದೇನೆ, ಡಬ್ಬಿಯ ಸೀಲನ್ನು ಮೊನ್ನೆ ನಾನೇ ಒಡೆದದ್ದು ಎಂದೆ.

“ಕಾಕಾ, ಸೀಲ್ ಇದ್ದಿದ್ದು ಖರೆ. ಆದ್ರ ಒಳಗಿನ ಪುಡಿಯಾಗ ಕ್ರಿಮಿ ಇಲ್ಲಂತ ಯಾರು ಹೇಳ್ಯಾರ? ಒಣಾ ಪುಡಿಯೊಳಗ ಅವು ತಿಂಗಳಗಟ್ಟಲೆ ಸುಮ್ನ ಮಲಗಿರ್ತಾವ. ನೀವು ಬೆಚ್ಚಗಿನ ನೀರು ಕೊಟ್ಟು ಎಬ್ಬಿಸೀರಿ, ಮ್ಯಾಲ ಫ್ಲಾಸ್ಕಿನಾಗ ಇಟ್ಟು ಸಾಕಾಕತ್ತೀರಿ.”

ಎಲ್ಲ ಡಬ್ಬಿಯಲ್ಲೂ ಅವು ಇರುವುದಿಲ್ಲ, ಆದರೆ ಇದ್ದರೆ ಬೆಚ್ಚಗಿನ ಹಾಲಿನಲ್ಲಿ ಕೆಲವೇ ಗಂಟೆಗಳಲ್ಲಿ ಲೆಕ್ಕವಿಲ್ಲದಷ್ಟು ಆಗುತ್ತವೆ ಎಂದು ವಿವರಿಸಿದಳು. ದೊಡ್ಡವರ ಹೊಟ್ಟೆಗೆ ಅದು ಏನೂ ಅಲ್ಲ. ಅವಧಿಗೆ ಮುಂಚೆ ಹುಟ್ಟಿದ ಇಂಥ ಕೂಸಿಗೆ ರಕ್ತಕ್ಕೆ ಸೇರಿ, ಅಲ್ಲಿಂದ ಮಿದುಳಿಗೂ ಏರಬಹುದು. ಅದಕ್ಕೇ ನೀರು ಕುದ್ದು ಇನ್ನೂ ಚೆನ್ನಾಗಿ ಬಿಸಿ ಇರುವಾಗ ಪುಡಿ ಹಾಕಬೇಕು; ಆ ಬಿಸಿಗೆ ಕ್ರಿಮಿ ಸಾಯುತ್ತವೆ. ಕೂಡಲೇ ತಣ್ಣೀರಿನಲ್ಲಿ ಬಾಟಲಿ ಇಟ್ಟು ಆರಿಸಿ, ಮುಂಗೈ ಮೇಲೆ ತೊಟ್ಟು ಬಿಟ್ಟು ನೋಡಿ ಕುಡಿಸಬೇಕು. ಉಳಿದದ್ದನ್ನು ಚೆಲ್ಲಬೇಕು.

ಹೆಂಡತಿ ನನ್ನನ್ನು ನೋಡಲೂ ಇಲ್ಲ. ಅದು ನೋಡಿದ್ದಕ್ಕಿಂತ ಕಷ್ಟವಾಗಿತ್ತು.

“ಮೂವತ್ತೊಂದು ವರ್ಷ,” ಎಂದಷ್ಟೇ ಹೇಳಿ ಫ್ಲಾಸ್ಕನ್ನು ಬಚ್ಚಲಿಗೆ ಬಗ್ಗಿಸಿದಳು.

ಇನ್ನು ಉಳಿದ ಚಿಂತೆ ಐದೂವರೆಯ ಹಾಲಿನದು. ಅದು ಆಗಲೇ ಮಗುವಿನ ಹೊಟ್ಟೆಯಲ್ಲಿತ್ತು. ಹುಡುಗಿ ತನ್ನ ವಾರ್ಡಿನ ಡಾಕ್ಟರಿಗೆ ಫೋನು ಮಾಡಿದಳು. ಕಲಸಿದ ಕೂಡಲೇ ಕುಡಿಸಿದ್ದರಿಂದ ಅಪಾಯ ಕಡಿಮೆ, ಆದರೂ ಕಣ್ಣಿಟ್ಟಿರಿ ಎಂದರಂತೆ. ಮೈ ಬಿಸಿಯಾದರೆ, ತೀರ ತಣ್ಣಗಾದರೆ, ಹಾಲು ಬೇಡವೆಂದರೆ, ಎಬ್ಬಿಸಿದರೂ ಏಳದಿದ್ದರೆ ತಡಮಾಡದೆ ಆಸ್ಪತ್ರೆಗೆ ತರಬೇಕು. ಇಷ್ಟು ಹೇಳಿ ಅವಳು ಎಂಟು ಗಂಟೆಯ ಗಾಡಿಗೆ ಓಡಿದಳು.

ರಿಜಿಸ್ಟರು ಆ ದಿನ ಬೇರೆ ಕೆಲಸಕ್ಕೆ ಬಂತು. ಅರ್ಧ ಗಂಟೆಗೊಮ್ಮೆ ಬರೆದೆ: ಮೈ ಸರಿ. ಕುಡಿಯಿತು. ಅತ್ತಿತು. ಬಟ್ಟೆ ಒದ್ದೆ. ಮಧ್ಯಾಹ್ನ ಎರಡಕ್ಕೆ ಮಗು ಗಾಢವಾಗಿ ನಿದ್ದೆ ಹೋಯಿತು. ಅಂಗಾಲು ಕೆರೆದು ಎಬ್ಬಿಸಿದೆ. ಅದು ಕಿರುಚಿದ ಸದ್ದಿಗೆ ಎದುರುಮನೆಯ ಬಾಗಿಲು ತೆರೆಯಿತು. ನನಗೆ ಅಷ್ಟು ಹಿತವಾದ ಸದ್ದು ಅದಕ್ಕೆ ಮುಂಚೆ ಕೇಳಿದ ನೆನಪಿಲ್ಲ. ಆಗಷ್ಟೇ ಕಣ್ಣು ಮುಚ್ಚಿದ್ದ ಮಗಳು ಎದ್ದು ಕೂತು ಕೇಳಿದಳು: “ಅಪ್ಪಾ, ಅವಳು ಮಲಗಿದ್ರೂ ನಿಮಗೆ ತಪ್ಪಾ?”

ಡ್ಯೂಟಿ ಮುಗಿಸಿ ಸಂಜೆ ಎಂಟಕ್ಕೆ ಬಂದ ಹುಡುಗಿ ಮಗುವಿನ ಮೈ ಮುಟ್ಟಿ, ಕಣ್ಣು ನೋಡಿ, ರಿಜಿಸ್ಟರಿನ ಎರಡೂ ಪುಟ ಓದಿದಳು. ಕೂಸು ಗಟ್ಟಿ ಇದೆ, ಇನ್ನೂ ಕೆಲವು ದಿನ ಹೀಗೆಯೇ ನೋಡಿಕೊಳ್ಳಿ ಎಂದಳು. ಆಮೇಲೆ, “ಮುಂಜಾನಿ ಚಾ ಬಾಕಿ ಐತಿ ಕಾಕಾ,” ಎಂದಳು.

ಚಹಾ ನಾನೇ ಮಾಡಿದೆ. ಅಷ್ಟರಲ್ಲಿ ಮಗು ಎದ್ದಿತು. ಹೆಂಡತಿ ಹೊಗೆಯಾಡುವ ನೀರಿಗೆ ಪುಡಿ ಹಾಕಿದಳು. ತಣ್ಣೀರಿನ ಪಾತ್ರೆಯಲ್ಲಿ ಬಾಟಲಿ ಅಲ್ಲಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಮಗು ಕುಡಿದು ಬಿಟ್ಟ ಎರಡು ಗುಟುಕನ್ನು ಬಚ್ಚಲಿಗೆ ಚೆಲ್ಲಿದೆ. ಬಾಟಲಿ ತೊಳೆದೆ. ಕೊನೆಗೆ ಫ್ಲಾಸ್ಕನ್ನು ಒರೆಸಿ, ಅದರ ಹೊಟ್ಟೆಯ ಮೇಲೆ ಮಾರ್ಕರಿನಿಂದ ‘ಚಹಾ ಮಾತ್ರ’ ಎಂದು ಬರೆದು, ಕಪಾಟಿನ ಮೇಲಿನ ಹಲಗೆಗೆ ಏರಿಸಿದೆ. ಆಗ ಎಂಟು ಗಂಟೆ ಐವತ್ತು ನಿಮಿಷ.