ತೊಟ್ಟಿಲಿಗೆ ಹಾಕಿದ ಗುಂಡುಕಲ್ಲು

ಗಂಡನ ಹೆಸರನ್ನು ಹೆಂಡತಿ ಬಾಯಿಬಿಟ್ಟು ಹೇಳಬಾರದಂತೆ. ನನಗೇನು ಕಷ್ಟ? ಚಳ್ಳಕೆರೆಯ ಎಣ್ಣೆ ಮಿಲ್ಲಿನ ಪಕ್ಕ ನಮ್ಮ ತಗಡಿನ ಶೆಡ್ಡಿನ ಮೇಲೆ ‘ಚಿಕ್ಕೀರಪ್ಪ ಗ್ರಿಲ್ ವರ್ಕ್ಸ್’ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಯಾರಾದರೂ ಕೇಳಿದರೆ ಬೋರ್ಡಿನ ಕಡೆ ಬೆರಳು ತೋರಿಸುತ್ತೇನೆ.

ನಮ್ಮವರಿಗೆ ಮಾತೆಂದರೆ ಆಗದು, ಕೈ ಮಾತ್ರ ಸುಮ್ಮನಿರದು. ಮಿಲ್ಲಿನ ಸಾಹುಕಾರರ ಮನೆಗೆ, ಬೇರುಸಮೇತ ಕಿತ್ತ ಶೇಂಗಾ ಗಿಡದ ಆಕಾರದ ಗೇಟು ಮಾಡಿಕೊಟ್ಟರು. ಕಾಯಿಯ ಮೇಲಿನ ಗೆರೆಯನ್ನೂ ಬಿಟ್ಟಿರಲಿಲ್ಲ. ಲಾರಿ ಉಗ್ರಪ್ಪ ಹಳೇ ಸ್ಟೇರಿಂಗುಗಳನ್ನು ತಂದು ಸುರಿದು, “ಇದ್ರಾಗೇ ಮೆಟ್ಲಿಗೆ ಕಂಬಿ ಮಾಡ್ಕೊಡೋ” ಎಂದಾಗಲೂ ಇಲ್ಲ ಎನ್ನಲಿಲ್ಲ. ತೊಟ್ಟಿಲು ಮಾತ್ರ ಮಾಡುತ್ತಿರಲಿಲ್ಲ. ನಮಗೊಂದು ಹೆಣ್ಣುಕೂಸು ಹುಟ್ಟಿ, ಹೆಸರಿಡುವ ಮುಂಚೆಯೇ ಹೋಗಿಬಿಟ್ಟಿತ್ತು. ಹೆಸರಿಡದೆ ಕೂಸನ್ನು ತೊಟ್ಟಿಲಿಗೆ ಹಾಕುವಂತಿಲ್ಲ. ಹಾಗಾಗಿ ಅದಕ್ಕೆ ತೊಟ್ಟಿಲೂ ಇಲ್ಲ, ಹೆಸರೂ ಇಲ್ಲ. ನಾವಿಬ್ಬರೂ ಅದನ್ನು ‘ಅದು’ ಎಂದೇ ಅನ್ನುತ್ತಿದ್ದೆವು.

ತೊಂಬತ್ತೆಂಟರ ಬೇಸಿಗೆಯಲ್ಲಿ ಮೊಳಕಾಲ್ಮುರಿನಿಂದ ಪೆದ್ದಮ್ಮ ಎಂಬ ನೇಕಾರರ ಮುದುಕಿ ಬಂದಳು. ಕೈಯಲ್ಲಿ ಹಂಸದ ಸಾಲು ನೇಯ್ದ ರೇಷ್ಮೆ ಅಂಚಿನ ತುಂಡು.

“ಇದ್ದರು ಪೋಯಾರು,” ಇಬ್ಬರೂ ಹೋದರು ಎಂದು ತೆಲುಗಿನಲ್ಲಿ ಶುರುಮಾಡಿ, ಮೂಗು ಒರೆಸಿಕೊಂಡು ಕನ್ನಡಕ್ಕೆ ಬಂದಳು. “ನಮ್ಮ ಸೊಸೆ ಹರಿಪ್ರಿಯಾಗೆ ಎರಡು ಕೂಸು ನಿಲ್ಲಲಿಲ್ಲ ಸಾಮಿ. ಈಗ ತಿರುಗಿ ಬಸುರಿ. ಕಬ್ಬಿಣ ಇದ್ರೆ ಗಾಳಿ ಸೋಕಲ್ಲ ಅಂತಾರೆ. ಈ ಹಂಸ ಹಾಕಿ ಕಬ್ಬಿಣದ ತೊಟ್ಲು ಮಾಡ್ಕೊಡ್ರಿ. ಇದಾದ್ರೂ ಉಳೀಲಿ.”

ನಮ್ಮವರು ಆ ಅಂಚನ್ನು ಬಹಳ ಹೊತ್ತು ಸವರುತ್ತಾ ಕೂತು, “ಆಯ್ತವ್ವ” ಎಂದುಬಿಟ್ಟರು.

ತೊಟ್ಟಿಲು ಮುಗಿದ ದಿನ ಅದನ್ನು ಶೆಡ್ಡಿನ ತೊಲೆಗೆ ತೂಗುಹಾಕಿದರು. ಒಂದು ಕಡೆಗೆ ವಾಲುತ್ತದೋ ನೋಡಲು ಕೈ ಮುಂದೆ ಮಾಡಿದರು.

“ಅಯ್ಯಯ್ಯೋ! ಖಾಲಿ ತೊಟ್ಲು ತೂಗ್ತಾರೇನ್ರೀ? ಬುದ್ಧಿ ಎಲ್ಲಿಟ್ಟೀರಿ?” ಎಂದು ಕಿರುಚಿ, ಮನೆಗೆ ಓಡಿ ಅಡುಗೆಮನೆಯ ಗುಂಡುಕಲ್ಲನ್ನು ಹಳೇ ಸೀರೆಯಲ್ಲಿ ಸುತ್ತಿ ತಂದು ಮಲಗಿಸಿದೆ. ಹೆಸರಿಡುವ ದಿನವೂ ಕೂಸಿಗಿಂತ ಮುಂಚೆ ಗುಂಡುಕಲ್ಲನ್ನೇ ತೊಟ್ಟಿಲಿಗೆ ಹಾಕುವುದು ರೂಢಿ. ಅವರು ಮೆಲ್ಲಗೆ ತೂಗಿದರು. ವಾಲಲಿಲ್ಲ.

ಮರುದಿನ ಮಧ್ಯಾಹ್ನ ಬುತ್ತಿ ತಂದಾಗ ಕರೆಂಟು ಹೋಗಿತ್ತು, ಮಿಲ್ಲೂ ನಿಂತಿತ್ತು. ಶೆಡ್ಡಿನಲ್ಲಿ ಯಾರೂ ಇಲ್ಲ. ಒಂದು ಎಲೆ ಅಲುಗುವಷ್ಟು ಗಾಳಿಯಿಲ್ಲ. ತೊಟ್ಟಿಲು ತನ್ನಷ್ಟಕ್ಕೆ ತೂಗುತ್ತಿತ್ತು. ಹತ್ತಿರ ಹೋಗಿ ಮುಟ್ಟಿದೆ. ತಗಡಿನ ಕಾವಿಗೆ ಹಂಸಗಳು ಕೈ ಸುಟ್ಟವು. ಕಲ್ಲು ಮಾತ್ರ ಹಸುಗೂಸಿನ ಬೆನ್ನಿನಷ್ಟೇ ಬೆಚ್ಚಗಿತ್ತು.

ನೀರು ತರಲು ಹೋಗಿದ್ದ ನಮ್ಮವರು ಕೊಡ ಇಳಿಸಿ, “ನಿನ್ನೆಯಿಂದ ಹಂಗೇ ಐತೆ,” ಎಂದರು. “ಹಿಡಿದು ನಿಲ್ಲಿಸಿದ್ರೆ ಸರಪಳಿ ಅಳ್ತೈತೆ.”

ನಾನು ಕಲ್ಲಿಗೆ ಸೀರೆಯನ್ನು ಸರಿಯಾಗಿ ಹೊದಿಸಿದೆ.

ಹರಿಪ್ರಿಯಾಗೆ ಗಂಡುಮಗುವಾಯಿತು. ತೊಟ್ಟಿಲಿನ ಜೊತೆ ಅದರಲ್ಲಿ ಮಲಗಿದ್ದ ಕಲ್ಲನ್ನೂ ಶಾಸ್ತ್ರಕ್ಕೆ ತನ್ನಿ ಎಂದು ಪೆದ್ದಮ್ಮ ಹೇಳಿಕಳಿಸಿದಳು. ನಾವಿಬ್ಬರೂ ಮೊಳಕಾಲ್ಮುರಿಗೆ ಹೊರಟೆವು. ದಾರಿಯುದ್ದಕ್ಕೂ ನನಗೆ ಒಂದೇ ದಿಗಿಲು. ನಮ್ಮ ‘ಅದು’ ತೊಟ್ಟಿಲಿನಿಂದ ಏಳದಿದ್ದರೆ ಆ ಬಡಪಾಯಿ ಕೂಸಿನ ಗತಿಯೇನು?

ಕಲ್ಲಿಗೆ ನೀರೆರೆದು, ಅದೇ ಸೀರೆಯಲ್ಲಿ ಸುತ್ತಿ ಮಲಗಿಸಿ ತೂಗಿದರು. ಆಮೇಲೆ, “ಗುಂಡಪ್ಪನ್ನ ತಗೋ, ಕೂಸಪ್ಪನ್ನ ಕೊಡು” ಎನ್ನುತ್ತಾ ಇಬ್ಬರು ಹೆಂಗಸರು ಕಲ್ಲೆತ್ತಲು ಬಗ್ಗಿದರು. ಏಳಲಿಲ್ಲ. ನಾನು ಒಂದೇ ಕೈಯಲ್ಲಿ ಎತ್ತುವ ಕಲ್ಲು! ಕೂಸು ನೀಲಿಗಟ್ಟುವಂತೆ ಅಳತೊಡಗಿತು. ಬಟ್ಟೆ ಹಂಸದ ಕೊಕ್ಕಿಗೆ ಸಿಕ್ಕಿಕೊಂಡಿದೆ ಎಂದು ಯಾರೋ ಅಂದರು. ನಾನು ನೋಡಿದೆ, ಸಿಕ್ಕಿರಲಿಲ್ಲ. ಹರಿಪ್ರಿಯಾ ನನ್ನ ಮುಖವನ್ನೇ ನೋಡುತ್ತಿದ್ದಳು.

ಜನರನ್ನು ಸರಿಸಿ ಬಗ್ಗಿದೆ. “ಸಾಕು ಬಾ ನನ್ನವ್ವ,” ಎಂದೆ. “ಆ ಕೂಸಿಗೆ ಜಾಗ ಬಿಡು. ಮನೆಗೆ ಹೋಗಾನ.”

ಕಲ್ಲು ಹಗುರವಾಗಿ ಕೈಗೆ ಬಂತು. ಮಗುವನ್ನು ಮಲಗಿಸಿದರು, ಅಳು ನಿಂತಿತು. ಈಗ ಕೈ ತೆಗೆದರೆ ತೊಟ್ಟಿಲೂ ನಿಲ್ಲುತ್ತಿತ್ತು. ಆ ಕೂಸು, ನಾಗಾರ್ಜುನ, ಉಳಿಯಿತು. ಈಗ ಶಾಲೆಗೆ ಹೋಗುತ್ತಾನೆ.

ವಾಪಸು ಬರುವಾಗ ಬಸ್ಸಿನಲ್ಲಿ ಕಲ್ಲನ್ನು ಸೆರಗು ಮುಚ್ಚಿ ಮಡಿಲಲ್ಲಿಟ್ಟುಕೊಂಡಿದ್ದೆ. ಇನ್ನೂ ಬೆಚ್ಚಗಿತ್ತು. ಕಂಡಕ್ಟರ್ ಬಗ್ಗಿ ನೋಡಿ ನಕ್ಕ. “ಕೂಸಿಗೆ ಒಳ್ಳೆ ನಿದ್ದೆ ಹತ್ತೈತಲ್ಲಕ್ಕ! ಹೆಸರೇನಿಟ್ಟೀರಿ?”

ನಾನು ಸೆರಗನ್ನು ಇನ್ನಷ್ಟು ಎಳೆದುಕೊಂಡೆ. ಕಿಟಕಿಯಾಚೆ ನೋಡುತ್ತಿದ್ದ ನಮ್ಮವರು ತಿರುಗದೆಯೇ ಹೇಳಿದರು.

“ಶಶಿರೇಖಾ.”

ಆ ಹೆಸರನ್ನು ಇಷ್ಟು ವರ್ಷ ಒಬ್ಬರೇ ಒಳಗಿಟ್ಟುಕೊಂಡಿದ್ದರು, ಪುಣ್ಯಾತ್ಮ. ಚಳ್ಳಕೆರೆ ಬರುವಷ್ಟರಲ್ಲಿ ಮಡಿಲಿನ ಕಲ್ಲು ತಣ್ಣಗಾಗಿತ್ತು.