ಎರಡು ವೀಳ್ಯದೆಲೆ

ದೊಡ್ಡಕ್ಕನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ವರ್ಷಗಟ್ಟಲೆ ಮಂಜುಗಡ್ಡೆಯೊಳಗೆ ಕೈಯಿಟ್ಟು ಸಿಗಡಿ ಆರಿಸಿದ ಬೆರಳುಗಳು, ನೆನೆದ ಅವಲಕ್ಕಿಯ ಹಾಗೆ ಬೆಳ್ಳಗಾಗಿದ್ದವು. ಕಾರ್ಖಾನೆಗೆ ಹೆಬ್ಬೆಟ್ಟೊತ್ತುವ ಹಾಜರಿ ಯಂತ್ರ ಬಂದಾಗ ಅದು ಎಲ್ಲರನ್ನೂ ಗುರುತಿಸಿತು, ಅವರೊಬ್ಬರನ್ನು ಬಿಟ್ಟು. "ಕಂಡ್ಯಾ ಹೆಣೆ, ಮಿಷಿನಿನ ಲೆಕ್ಕದಗೆ ನಾ ಹುಟ್ಲೇ ಇಲ್ಲೆ" ಎಂದು ನಕ್ಕರು.

ಕುಂದಾಪುರದ ಅಂಚಿನಲ್ಲಿದ್ದ ಆ ಕಾರ್ಖಾನೆ ಸಿಗಡಿಯನ್ನು ಹೆಪ್ಪುಗಟ್ಟಿಸಿ ಹೊರದೇಶಕ್ಕೆ ಕಳಿಸುತ್ತಿತ್ತು. ನಾನು ಎಂ.ಎಸ್ಸಿ. ಮುಗಿಸಿ ಗುಣಮಟ್ಟ ವಿಭಾಗಕ್ಕೆ ಸೇರಿದವಳು, ಕೈಯಲ್ಲಿ ಯಾವಾಗಲೂ ಒಂದು ಫಾರಂ. ದೊಡ್ಡಕ್ಕ ಗಂಗೊಳ್ಳಿಯವರು, ಮೀನು ಮಾರುವ ಮನೆಯಿಂದ ಬಂದವರು. ಗಾತ್ರ ನೋಡಿ ಸಿಗಡಿ ಬೇರ್ಪಡಿಸುವ ಹೆಂಗಸರಿಗೆಲ್ಲ ಅವರೇ ಮೇಲ್ವಿಚಾರಕಿ. ಅವರು ಹೂಂ ಅನ್ನದೆ ಯಾವ ಮಾಲೂ ಒಳಗೆ ಹೋಗುತ್ತಿರಲಿಲ್ಲ. ಪ್ರೀತಿ ಬಂದರೆ ನಾನು ಅವರಿಗೆ "ಹೆಣೆ", ಸಿಟ್ಟು ಬಂದರೆ "ಮೇಡಂ".

ಸಿಗಡಿ ಸುಲಿಯುವ ಕೆಲಸ ನಮ್ಮಲ್ಲಿ ಆಗುತ್ತಿರಲಿಲ್ಲ. ಅದು ಸುತ್ತಲಿನ ಶೆಡ್ಡುಗಳಲ್ಲಿ ಮುಗಿದು ನಮ್ಮಲ್ಲಿಗೆ ಬರುತ್ತಿತ್ತು. ಒಂದು ವರ್ಷ ಹೊರದೇಶದ ಖರೀದಿದಾರರು ಹೊಸ ಫಾರಂ ಕಳಿಸಿದರು. ನಿಮಗೆ ಮಾಲು ಕೊಡುವ ಜಾಗಗಳಲ್ಲಿ ಯಾರನ್ನಾದರೂ ಒತ್ತಾಯದಿಂದ ದುಡಿಸುತ್ತಿದ್ದಾರೆಯೆ, ಹೋಗಿ ನೋಡಿ ಸಹಿ ಹಾಕಿ ಎಂದಿತ್ತು. ಬೈಂದೂರು ಕಡೆಯ ಒಂದು ಶೆಡ್ಡಿಗೆ ಹೋದೆ. ಎಂಟು ತಿಂಗಳ ಹಿಂದೆ ಹೊರ ರಾಜ್ಯದಿಂದ ಬಂದ ಹನ್ನೊಂದು ಹೆಂಗಸರು ಸಾಲಾಗಿ ಕೂತು ಸುಲಿಯುತ್ತಿದ್ದರು. ತಲೆಗೆ ಟೊಪ್ಪಿ, ಕೈಗೆ ಗ್ಲೌಸು, ಗೋಡೆಗೆ ಹೊಸ ಸುಣ್ಣ. ಇಷ್ಟಪಟ್ಟು ಕೆಲಸ ಮಾಡುತ್ತಿದ್ದೀರಾ ಎಂದು ಶೆಡ್ಡಿನ ಯಜಮಾನರ ಎದುರಿಗೇ ಕೇಳಿದೆ. ಎಲ್ಲರೂ ತಲೆಯಾಡಿಸಿದರು. ಫಾರಂಗೆ ಸಹಿ ಹಾಕಿದೆ. ನನ್ನ ದಿನಚರಿಯ ಆ ಪುಟದಲ್ಲಿ ಇರುವುದು ಇಷ್ಟೇ: "ಎಲ್ಲ ಸರಿ ಇದೆ. ಯಜಮಾನರ ಮನೆಯಲ್ಲಿ ಊಟ. ಬಂಗುಡೆ ಚೆನ್ನಾಗಿತ್ತು."

ಕಾರ್ಖಾನೆಗೆ ವಾಪಸು ಬಂದಾಗ ದೊಡ್ಡಕ್ಕ ಕೇಳಿದರು, "ಗೇಟಿಂದ ಹೊರಗೆ ಹೋಪವ್ರನ್ನ ಒಬ್ರನ್ನಾದ್ರೂ ಕಂಡ್ಯಾ?"

"ಕೆಲಸದ ಹೊತ್ತಲ್ವಾ ದೊಡ್ಡಕ್ಕ, ಯಾರು ಹೊರಗೆ ಹೋಗ್ತಾರೆ?"

"ಮೇಡಂ," ಅಂದರು. "ನಾಳೆ ನಾನೂ ಬತ್ತೆ."

ಮರುದಿನ ಅವರು ಫಾರಂ ಕಡೆ ನೋಡಲೂ ಇಲ್ಲ. ಶೆಡ್ಡಿನ ನಡುವೆ ಒಂದು ಕ್ರೇಟು ಬೋರಲು ಹಾಕಿ ಕೂತು ಎಲೆಯಡಿಕೆಯ ಕವಳದ ಡಬ್ಬಿ ತೆರೆದರು. "ಅಯ್ಯೋ, ಎಲಿ ಮುಗ್ದಿತ್ತಲೆ" ಎಂದು, ಮೂಲೆಯಲ್ಲಿದ್ದ ಹೆಂಗಸಿಗೆ ತಮ್ಮ ಬೊಂಬಾಯಿ ಹಿಂದಿಯಲ್ಲಿ, ಎದುರಿನ ಅಂಗಡಿಯಿಂದ ಎರಡು ವೀಳ್ಯದೆಲೆ ತಂದುಕೊಡು ಎಂದರು. ಅಂಗಡಿ ಇಪ್ಪತ್ತು ಹೆಜ್ಜೆ ದೂರ. ಹೆಂಗಸು ಎದ್ದಳು, ಯಜಮಾನರ ಮುಖ ನೋಡಿದಳು, ಕೂತಳು.

"ಹ್ವಾಯ್, ನಾನೇ ತರ್ಸ್ತೆ. ಅವ್ಳಿಗೆ ಅಂಗ್ಡಿ ಗೊತ್ತಿಲ್ಲೆ" ಎಂದರು ಯಜಮಾನರು.

"ಎಂಟ್ ತಿಂಗ್ಳಿಂದ ಇಲ್ಲೇ ಇಪ್ಪವ್ಳಿಗೆ ಎದ್ರಿನ ಅಂಗ್ಡಿ ಗೊತ್ತಿಲ್ಯಾ? ನೀವ್ ತೋರ್ಸ್ಲೇ ಇಲ್ಯಾ?"

ಕೈ ತೊಳೆಯುವ ನೆಪದಲ್ಲಿ ದೊಡ್ಡಕ್ಕ ನೀರಿನ ಟಾಂಕಿಯ ಹಿಂದೆ ಹೋದರು. ಆ ಹೆಂಗಸೂ ಬಂದು ಪಿಸುದನಿಯಲ್ಲಿ ತೋಡಿಕೊಂಡಳು. ಹನ್ನೊಂದು ಜನರ ಗುರುತಿನ ಚೀಟಿಗಳೂ ಯಜಮಾನರ ಕಪಾಟಿನಲ್ಲಿವೆ, ಗೇಟಿಗೆ ಬೀಗ. ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾಳೆ, ಹೋಗಬೇಕೆಂದು ಮೂರು ಸಲ ಕೇಳಿದರೂ "ಸೀಸನ್ ಮುಗೀಲಿ" ಎಂಬ ಉತ್ತರ. ಇದನ್ನೆಲ್ಲ ದೊಡ್ಡಕ್ಕ ಬಸ್ಸಿನಲ್ಲಿ ನನಗೆ ಹೇಳಿದರು.

"ನಮ್ಮ್ ಗಂಗೊಳ್ಳಿ ಹೆಂಗ್ಸ್ರಿಗೆ ಎಲಿ ತಾ ಅಂದ್ರೆ, ನಿಂಗೆ ಕಾಲಿಲ್ಯಾ ಮಾರಾಯ್ತಿ ಅಂದ್ ಬೈತ್ರ್. ಬೈಕಂಡೇ ಹೋತ್ರ್. ಇವ್ಳ್ ಯಜಮಾನ್ರ್ ಮುಖ ಕಾಂಬುದ್ ಕಂಡ್ಯಲೆ?"

ಹರೆಯದಲ್ಲಿ ಅವರೂ ಬೊಂಬಾಯಿಯಲ್ಲಿ ಸಿಗಡಿ ಸುಲಿದವರು. ಅಲ್ಲೇನಾಯಿತೆಂದು ಕೇಳಿದರೆ "ಬೀಗ ಹೊರ್ಗಡೆ ಇದ್ದಿತ್ತ್, ಅಷ್ಟೇ" ಎನ್ನುವರು. ಅದಕ್ಕಿಂತ ಹೆಚ್ಚು ಎಂದೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಆ ಶೆಡ್ಡಿನ ಮಾಲು ಬಂತು. ದೊಡ್ಡಕ್ಕ ಕೈಕಟ್ಟಿ ನಿಂತರು. "ಈ ಚಟ್ಲಿ ನಾ ಮುಟ್ತಿಲ್ಲೆ." ಅವರ ಬಾಯಲ್ಲಿ ಸಿಗಡಿಯೆಂದರೆ ಚಟ್ಲಿ. ಹಿಂದೆ ನಿಂತ ಹೆಂಗಸರೂ ಕೈ ಒರೆಸಿಕೊಂಡರು.

ವಿಷಯ ತಿಳಿದು ಮ್ಯಾನೇಜರು ಓಡಿ ಬಂದರು. "ನಾಡಿದ್ದು ಕಂಟೇನರ್ ಹೊರಡ್ಬೇಕು. ಫಾರಂನಲ್ಲಿ ಎಲ್ಲ ಸರಿ ಅಂತ ಸಹಿ ಆಗಿದೆ. ಈ ಲೋಡ್ ಮುಗಿಸಿ, ಮುಂದಿನ ವಾರದಿಂದ ಆ ಶೆಡ್ಡೇ ಬೇಡ."

"ನಾವ್ ಬ್ಯಾಡ ಅಂದ್ರೆ ಮತ್ತೊಬ್ರ್ ತಕಂತ್ರ್. ಅವ್ರ್ ಅಲ್ಲೇ ಇರ್ತ್ರ್. ಮೊದ್ಲ್ ಕಾರ್ಡ್ ಅವ್ರ್ ಕೈಗೆ ಬರ್ಕ್. ಹೋಪವ್ರ್ ಹೋಯ್ಕ್. ಮತ್ತೆ ನಿಮ್ಮ್ ವ್ಯಾಪಾರ." ನನ್ನ ಕಡೆ ತಿರುಗಿದರು. "ಹೆಣೆ, ಹೋಯಿ ಎರಡ್ ಎಲಿ ತಕಂಬಾ."

ನಾನು ಮ್ಯಾನೇಜರ ಮುಖ ನೋಡಿದೆ.

ನಿಜವಾಗಿ ನೋಡಿದೆನೆ? ದಿನಚರಿಯಲ್ಲಿ ಇದಿಲ್ಲ. ಆಮೇಲೆ ನಾಚಿಕೆ ಸೇರಿಸಿದ ಚಿತ್ರವೂ ಇರಬಹುದು. ನನ್ನ ಗೇಟಿಗೆ ಬೀಗವಿರಲಿಲ್ಲ, ಸಂಜೆಯ ಬಸ್ಸು ಹತ್ತಿ ಮನೆಗೆ ಹೋಗುವವಳು. ಆ ಹೆಂಗಸಿನ ಭಯದ ಪಕ್ಕ ನನ್ನದನ್ನಿಟ್ಟರೆ ಅದು ಸುಳ್ಳಾಗುತ್ತದೆ. ಆದರೆ ದೊಡ್ಡಕ್ಕ ನನ್ನನ್ನೇ ನೋಡುತ್ತಿದ್ದುದು ನೆನಪಿದೆ. ಫಾರಂ ತೆಗೆದು "ಎಲ್ಲ ಸರಿ ಇದೆ" ಎಂಬುದನ್ನು ಹೊಡೆದುಹಾಕಿದೆ. ಟಾಂಕಿಯ ಹಿಂದಿನ ಮಾತನ್ನೆಲ್ಲ ಬರೆದು ಸಹಿ ಹಾಕಿ, ಒಂದು ಪ್ರತಿ ಖರೀದಿದಾರರಿಗೆ, ಒಂದು ತಾಲ್ಲೂಕು ಕಚೇರಿಗೆ ಎಂದೆ.

"ಇಬ್ಬರ ಕೆಲಸವೂ ಹೋದೀತು" ಎಂದರು ಮ್ಯಾನೇಜರು.

"ಹೋಯ್ಲಿ. ಮಾರ್ಕೆಟಗೆ ಜಾಗ ಇತ್ತ್. ಇವ್ಳಿಗೆ ಮೀನ್ ಅಂದ್ ಕೂಗುಕೆ ಬತ್ತಿಲ್ಲೆ, ನಾ ಕಲ್ಸ್ತೆ."

ಮಾಲು ಎರಡು ದಿನ ಐಸಿನಲ್ಲೇ ಕೂತಿತು. ಮೂರನೆಯ ದಿನ ಅಧಿಕಾರಿಗಳೊಂದಿಗೆ ನಾವಿಬ್ಬರೂ ಹೋದೆವು. ಮ್ಯಾನೇಜರೂ ಬಂದರು, ಅದನ್ನು ಬರೆಯದಿದ್ದರೆ ಅನ್ಯಾಯ. ಕಪಾಟು ತೆರೆಯಿತು. ಚೀಟಿಗಳು ಒಂದೊಂದಾಗಿ ಅವರವರ ಕೈ ಸೇರಿದವು. ಏಳು ಜನ ಬೈಂದೂರಿನಲ್ಲಿ ರೈಲು ಹತ್ತಿದರು, ಎಲ್ಲರಿಗಿಂತ ಮೊದಲು ಮೂಲೆಯ ಆ ಹೆಂಗಸು. ನಾಲ್ವರು ತಾವಾಗಿಯೇ ಉಳಿದರು, ಗೇಟಿನ ಬೀಗದ ಕೈ ತಮ್ಮ ಕೋಣೆಯಲ್ಲಿರಬೇಕೆಂಬ ಷರತ್ತಿನ ಮೇಲೆ. ಕಂಟೇನರು ತಡವಾಗಿ ಹೊರಟಿತು. ನಮ್ಮ ಕೆಲಸ ಉಳಿಯಿತು. ಅಂದಿನಿಂದ ಯಾವ ಶೆಡ್ಡಿಗೆ ಹೋದರೂ ಯಜಮಾನರನ್ನು ಹೊರಗೆ ಕಳಿಸಿಯೇ ಮಾತು, ಮತ್ತು ದೊಡ್ಡಕ್ಕನ ಕವಳದ ಡಬ್ಬಿ ಯಾವಾಗಲೂ ಖಾಲಿ.

ಕೊನೆಯ ಸಲ ಅವರನ್ನು ನೋಡಿದ್ದು ಗಂಗೊಳ್ಳಿಯ ಮನೆಯಲ್ಲಿ, ಹಾಸಿಗೆಯ ಮೇಲೆ. ಡಾಕ್ಟರು ಕವಳ ಬಿಡಿಸಿದ್ದರು. "ಹೆಣೆ, ಎರಡ್ ಎಲಿ ತಕಂಬಾ" ಎಂದರು. ಸೊಸೆ ಬೇಡವೆಂದು ಬಾಯಿ ತೆರೆಯುವಷ್ಟರಲ್ಲಿ ನಾನು ಅಂಗಳ ದಾಟಿದ್ದೆ. ಎಲೆ ತಂದುಕೊಟ್ಟಾಗ ಅವರು ತಿನ್ನಲಿಲ್ಲ. ಸೆರಗಿನಲ್ಲಿ ಒರೆಸಿ, ಆ ಗೆರೆಯಿಲ್ಲದ ಬೆರಳುಗಳ ನಡುವೆ ಹಿಡಿದುಕೊಂಡರು. "ಯಾರ್ ಮುಖನೂ ಕಾಣ್ದೆ ಹೋದ್ಯಲೆ" ಎಂದರು. ಹತ್ತು ದಿನಗಳಲ್ಲಿ ತೀರಿಕೊಂಡರು.

ಆ ಮಾತನ್ನು ಅವರೇ ಆಡಿದರೋ, ನನ್ನ ಆಸೆ ಅವರಿಂದ ಆಡಿಸಿತೋ ತಿಳಿಯದು. ದಿನಚರಿಯಲ್ಲಿ "ಎಲೆ ತಂದುಕೊಟ್ಟೆ" ಎಂದಷ್ಟೇ ಇದೆ. ನಾನು ಕವಳ ಹಾಕುವವಳಲ್ಲ. ಆದರೂ ಹೊಸ ಶೆಡ್ಡಿಗೆ ಹೋದಾಗ ಯಾರಾದರೊಬ್ಬರಿಗೆ, ಎದುರಿನ ಅಂಗಡಿಯಿಂದ ಎರಡು ಎಲೆ ತಂದುಕೊಡಿ ಎನ್ನುತ್ತೇನೆ. ಕೆಲಸವಿಲ್ಲವಾ ಇವಳಿಗೆ ಎಂದು ಬೈಯುತ್ತ ಎದ್ದು ಹೋಗುವ ಹೆಂಗಸಿನ ಬೆನ್ನು ಕಂಡ ಮೇಲೆಯೇ ಪೆನ್ನು ತೆಗೆಯುತ್ತೇನೆ.